ಅಳತೆ ನೋಡಿ ಕೊಟ್ಟ ಮಾತ್ರೆ

ದರ್ಜಿಯಾದವನು ಮಿಕ್ಕಿದ್ದನ್ನು ಎಸೆಯುವುದಿಲ್ಲ. ಪ್ಯಾಂಟಿನಲ್ಲಿ ಉಳಿದ ಬಟ್ಟೆ ಜೇಬಿಗೆ ಬರುತ್ತದೆ, ಜೇಬಿನಲ್ಲಿ ಉಳಿದದ್ದು ಕಾಲರಿನ ಒಳಗೆ ಸೇರುತ್ತದೆ, ಅಲ್ಲಿಯೂ ಉಳಿದದ್ದು ಮಷಿನ್ ಒರೆಸುವುದಕ್ಕಾಗುತ್ತದೆ. ನಮ್ಮ ಮಾಸ್ಟರು ಈ ಧರ್ಮವನ್ನು ಮೂವತ್ತು ವರ್ಷ ಚಾಚೂ ತಪ್ಪದೆ ಪಾಲಿಸಿದವರು. ಬಟ್ಟೆಗಷ್ಟೇ ಪಾಲಿಸಿದ್ದರೆ ಅವರ ಮೇಲೆ ಕಥೆ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ಅವರು ಅದನ್ನು ಮಾತ್ರೆಗೂ ವಿಸ್ತರಿಸಿದರು.

ಏಳು ವರ್ಷದ ಹಿಂದೆ ಮಾಸ್ಟರಿಗೆ ದವಡೆ ಊದಿತ್ತು. ಡಾಕ್ಟರು ಏಳು ದಿನಕ್ಕೆ ಆಂಟಿಬಯೋಟಿಕ್ ಬರೆದುಕೊಟ್ಟರು. ಮೂರನೆಯ ದಿನಕ್ಕೇ ಊತ ಇಳಿಯಿತು. ಅಂಗಿ ಹೊಲಿದು ಮುಗಿದ ಮೇಲೂ ಮಷಿನ್ ತುಳಿಯುತ್ತ ಕೂರುವವನು ಹುಚ್ಚನೇ ಇರಬೇಕು ಎಂದುಕೊಂಡ ಮಾಸ್ಟರು, ಉಳಿದ ಎಂಟು ಕ್ಯಾಪ್ಸೂಲುಗಳನ್ನು ಅಂಗಡಿಯ ಗುಂಡಿ ಡಬ್ಬಿಯ ಒಂದು ಖಾಲಿ ಮನೆಗೆ ಹಾಕಿಟ್ಟರು. ಮುಂದಿನ ವಾರ ಪೋಸ್ಟ್‌ಮ್ಯಾನ್ ಗಂಟಲು ಕಟ್ಟಿಕೊಂಡು ಬಂದ. ಮಾಸ್ಟರು ನಾಲ್ಕು ಕೊಟ್ಟರು. ಎರಡು ದಿನದಲ್ಲಿ ಗಂಟಲು ಬಿಟ್ಟಿತು. ಏನೂ ಕೊಡದಿದ್ದರೂ ಎರಡು ದಿನದಲ್ಲಿ ಬಿಡುವಂಥ ನೆಗಡಿ ಅದು. ಆದರೆ ನೆಗಡಿಗೆ ಬಾಯಿಲ್ಲ, ಪೋಸ್ಟ್‌ಮ್ಯಾನಿಗೆ ಇತ್ತು.

“ನೀವು ಡಾಕ್ಟ್ರೇ ಬಿಡಿ!” ಅಂದ.

ಆ ಒಂದು ಮಾತು ಮಾಸ್ಟರ ಕಿವಿಯಿಂದ ಒಳಗೆ ಹೊಕ್ಕು ಎಲ್ಲಿ ಕೂತಿತೋ ಏನೋ, ಆಮೇಲೆ ಹೊರಗೆ ಬರಲೇ ಇಲ್ಲ. ಅಂದಿನಿಂದ ಹೊಲಿದ ಬಟ್ಟೆ ಕೊಡಲು ಯಾರ ಮನೆಗೆ ಹೋದರೂ ಒಂದು ಮಾತು ಕೇಳಿಯೇ ಬರುತ್ತಿದ್ದರು. “ಮನೇಲಿ ಮಾತ್ರೆ ಏನಾದ್ರೂ ಉಳಿದಿದ್ರೆ ಕೊಡಿ, ಸುಮ್ನೆ ಹಾಳಾಗುತ್ತೆ.” ಬೀದಿಯವರು ಧಾರಾಳವಾಗಿ ಕೊಟ್ಟರು. ಮೂವತ್ತಾರು ಮನೆಗಳ ಆ ಗುಂಡಿ ಡಬ್ಬಿಯಲ್ಲಿ ಗುಂಡಿಗಳು ಒಂದೊಂದೇ ಮನೆ ಖಾಲಿ ಮಾಡಿ ಮಾತ್ರೆಗಳಿಗೆ ಜಾಗ ಬಿಟ್ಟುಕೊಟ್ಟವು. ಚೀಟಿ, ಹೆಸರು, ತಾರೀಖು ಇರುವ ಹಾಳೆಯನ್ನೆಲ್ಲ ಮಾಸ್ಟರು ಕತ್ತರಿಸಿ ಎಸೆದು, ಮಾತ್ರೆಗಳನ್ನು ಬಣ್ಣದ ಮೇಲೆ ವಿಂಗಡಿಸಿದರು. ಕೆಂಪು-ಹಳದಿ ಒಂದು ಕಡೆ, ನೀಲಿ ಟೋಪಿ ಒಂದು ಕಡೆ, ಬಿಳಿ ಉದ್ದ ಮತ್ತೊಂದು ಕಡೆ. ಗುಂಡಿಗೆ ಹೆಸರಿರುತ್ತದೆಯೇ? ಬಣ್ಣ ಹೊಂದಿದರೆ ಸಾಕು.

ಎಷ್ಟು ಕೊಡಬೇಕು ಎಂಬ ಪ್ರಶ್ನೆಗೂ ಅವರ ವೃತ್ತಿಯಲ್ಲೇ ಉತ್ತರವಿತ್ತು. ಬಂದವರನ್ನು ಒಮ್ಮೆ ಮೇಲಿಂದ ಕೆಳಗೆ ನೋಡುವರು. “ಎದೆ ನಲವತ್ತೆರಡು. ದಿನಕ್ಕೆ ಎರಡು ತಗೊ.” ಬೇಕರಿಯವನಿಗೆ ಎದೆ ನಲವತ್ತಾರು, ಹೊಟ್ಟೆ ಐವತ್ತು, ಅವನಿಗೆ ಮೂರು. ಮಹಡಿ ಮನೆಯ ನಿವೃತ್ತ ಟೀಚರಮ್ಮ ಕಡ್ಡಿಯಂತಿದ್ದರು, ಅವರಿಗೆ ಅರ್ಧ. ಅದನ್ನೂ ಬಟ್ಟೆ ಕತ್ತರಿಸುವ ಕತ್ತರಿಯಲ್ಲೇ ತುಂಡು ಮಾಡಿ ಕೊಡುವರು. ಕೊನೆಗೆ ಎಲ್ಲರಿಗೂ ಒಂದೇ ಕಟ್ಟಪ್ಪಣೆ: “ವಾಸಿಯಾದ ತಕ್ಷಣ ನಿಲ್ಲಿಸಿ, ಉಳಿದಿದ್ದನ್ನ ವಾಪಸ್ ತಂದುಕೊಡಿ. ಇನ್ನೊಬ್ಬರಿಗೆ ಆಗುತ್ತೆ.”

ಇಷ್ಟೆಲ್ಲ ನಡೆಯುವಾಗ ಅಂಗಡಿಯ ಮೂಲೆಯಲ್ಲಿ ಕೂತು ಅಂಗಿಯ ಗುಂಡಿತೂತುಗಳಿಗೆ ಕಾಜಾ ಕಟ್ಟುತ್ತಿದ್ದವಳು ಮಾಸ್ಟರ ಅಕ್ಕ. ಮಾಸ್ಟರಿಗೆ ಎಂಟು ವರ್ಷವಿದ್ದಾಗ ಅಪ್ಪ ಅಮ್ಮ ಇಬ್ಬರೂ ಹೋದರು. ಹದಿನೇಳರ ಅಕ್ಕ ಬಾಡಿಗೆಯ ಮಷಿನ್ ತಂದು, ಬಲಗಾಲಲ್ಲಿ ಅದನ್ನು ತುಳಿದು, ತಮ್ಮನನ್ನು ಸಾಕಿದಳು, ಅದೇ ಮಷಿನ್ನಿನಲ್ಲಿ ಅವನಿಗೆ ಹೊಲಿಗೆಯನ್ನೂ ಕಲಿಸಿದಳು. ತಾನು ಮದುವೆಯ ಮಾತೇ ಎತ್ತಲಿಲ್ಲ. ಮಾಸ್ಟರು ಯಾರ ಮಾತನ್ನೂ ಕೇಳುವವರಲ್ಲ, ಅಕ್ಕನ ಮಾತನ್ನು ಬಿಟ್ಟು. ತೊಂದರೆ ಎಂದರೆ, ಅಕ್ಕನೂ ಜಗತ್ತಿನಲ್ಲಿ ಯಾರ ಮಾತನ್ನೂ ನಂಬುವವಳಲ್ಲ, ತಮ್ಮನ ಮಾತನ್ನು ಬಿಟ್ಟು.

ಒಂದು ದಿನ ಮೇಜಿನ ತುದಿಯಲ್ಲಿದ್ದ ದೊಡ್ಡ ಕತ್ತರಿ ಜಾರಿ ಅಕ್ಕನ ಬಲಪಾದದ ಮೇಲೆ ಬಿತ್ತು. ಗಾಯ ಅಷ್ಟೇನೂ ಆಳವಿರಲಿಲ್ಲ. ಮಾಸ್ಟರು ಚೂರು ಬಟ್ಟೆ ಕಟ್ಟಿ, ಕೆಂಪು-ಹಳದಿ ಕೊಟ್ಟರು. ಮೂರು ದಿನಕ್ಕೆ ನೋವು ನಿಂತಿತು, ಮಾಸ್ಟರು ಮಾತ್ರೆಯನ್ನೂ ನಿಲ್ಲಿಸಿದರು. ವಾರದಲ್ಲಿ ಪಾದ ಮತ್ತೆ ಊದಿತು. ನೀಲಿ ಟೋಪಿ ಕೊಟ್ಟರು. ಇಳಿಯಿತು, ನಿಲ್ಲಿಸಿದರು.

ಆ ಹೊತ್ತಿಗೆ ಆರೋಗ್ಯ ಇಲಾಖೆಯ ಮೇಡಂ ಕೈಯಲ್ಲೊಂದು ದಪ್ಪ ರಿಜಿಸ್ಟರ್ ಹಿಡಿದು ಬೀದಿಗೆ ಬಂದರು. ಆಂಟಿಬಯೋಟಿಕ್ ಮಾತ್ರೆಗಳನ್ನು ಜನ ಹೇಗೆ ಬಳಸುತ್ತಾರೆ ಎಂದು ಮನೆಮನೆಗೆ ಹೋಗಿ ಬರೆದುಕೊಳ್ಳುವ ಕೆಲಸ ಅವರದು. ಬೇರೆ ಬೀದಿಗಳಲ್ಲಿ ಪ್ರತಿ ಮನೆಯ ಕಪಾಟಿನಲ್ಲೂ ಉಳಿದ ಮಾತ್ರೆ ಕಂಡು ಕಂಡು ಅವರಿಗೆ ಸಾಕಾಗಿತ್ತು. ಈ ಬೀದಿಯಲ್ಲಿ ಮಾತ್ರ ವಿಚಿತ್ರ.

“ಮನೇಲಿ ಉಳಿದ ಮಾತ್ರೆ ಇದೆಯಾ?”

“ಇಲ್ಲ ಮೇಡಂ, ಎಲ್ಲಾ ಟೈಲರ್ ಮಾಸ್ಟರು ತಗೊಂಡು ಹೋದ್ರು.”

ಒಂದು ಮನೆಯಲ್ಲ, ಎರಡು ಮನೆಯಲ್ಲ, ಇಪ್ಪತ್ಮೂರು ಮನೆಗಳಲ್ಲಿ ಇದೇ ಉತ್ತರ. ಮೇಡಂ ಉಸಿರು ಬಿಗಿಹಿಡಿದು ಅಂಗಡಿಗೆ ಬಂದರು. ಮಾಸ್ಟರು ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡು ಒಂದು ಕೋಟಿನ ತೋಳಿಗೆ ಗುರುತು ಮಾಡುತ್ತಿದ್ದರು. ಪಕ್ಕದಲ್ಲಿ ಡಬ್ಬಿ ತೆರೆದಿತ್ತು. ಬಣ್ಣಬಣ್ಣದ ಮಾತ್ರೆಗಳು ಸಾಲುಸಾಲಾಗಿ, ಅಚ್ಚುಕಟ್ಟಾಗಿ ಕೂತಿದ್ದವು.

“ಅಯ್ಯೋ! ಇಡೀ ಬೀದಿಯ ಮಾತ್ರೆ ನೀವೊಬ್ರೇ ಸಂಗ್ರಹಿಸ್ತಿದೀರಾ? ಯಾರೂ ಡಾಕ್ಟರನ್ನ ಕೇಳದೆ ನುಂಗಬಾರ್ದು ಅಂತ ತಾನೇ?”

ಬಾಯಲ್ಲಿ ಹನ್ನೆರಡು ಸೂಜಿ ಇಟ್ಟುಕೊಂಡವನು ಏನು ಹೇಳಬಲ್ಲ? ಮಾಸ್ಟರು ಸುಮ್ಮನೆ ನೋಡಿದರು. ಇದನ್ನು ಅವರ ಪರವಾಗಿ ಹೇಳಬಹುದು. ಆದರೆ ಸೂಜಿಗಳನ್ನೆಲ್ಲ ಒಂದೊಂದಾಗಿ ತೆಗೆದು ಸೂಜಿದಿಂಬಿಗೆ ಚುಚ್ಚಿಯಾದ ಮೇಲೂ ಬಾಯಿಂದ ನಿಜ ಹೊರಬರಲಿಲ್ಲ. “ಏನೋ, ನಮ್ಮ ಕೈಲಾದ ಸೇವೆ” ಎಂಬುದಷ್ಟೇ ಬಂತು.

ಮೇಡಂ ಕಣ್ಣಲ್ಲಿ ನೀರಾಡಿತು. “ಹದಿನಾಲ್ಕು ವರ್ಷದಿಂದ ಈ ಮಾತನ್ನ ಜನರಿಗೆ ಹೇಳ್ಕೊಂಡು ಬರ್ತಿದೀನಿ. ಕೇಳಿದವರೊಬ್ರನ್ನ ಇವತ್ತು ನೋಡಿದೆ” ಅಂದರು. ಮುಂದಿನ ಬುಧವಾರ ಸರ್ಕಾರಿ ಆಸ್ಪತ್ರೆಯ ಸಭಾಂಗಣದಲ್ಲಿ ಜಾಗೃತಿ ಸಭೆ ಇದೆ, ಮಾಸ್ಟರಿಗೆ ಅಲ್ಲಿ ಪ್ರಶಸ್ತಿಪತ್ರ ಕೊಡುತ್ತೇವೆ, ಡಬ್ಬಿ ಸಮೇತ ಬರಬೇಕು, ಎರಡು ಮಾತಾಡಬೇಕು ಎಂದು ಹೇಳಿ, ಗೋಡೆಗೆ ಒಂದು ಭಿತ್ತಿಪತ್ರ ಅಂಟಿಸಿಯೇ ಹೋದರು. ಮೂಲೆಯಲ್ಲಿ ಅಕ್ಕ ಕಟ್ಟು ಕಟ್ಟಿದ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

ಅವರು ಹೋದ ಮೇಲೆ ಮಾಸ್ಟರು ಭಿತ್ತಿಪತ್ರ ಓದಿದರು. ‘ವೈದ್ಯರು ಹೇಳದೆ ಆಂಟಿಬಯೋಟಿಕ್ ಬೇಡ. ಹೇಳಿದಷ್ಟು ದಿನ ತಪ್ಪದೆ ತೆಗೆದುಕೊಳ್ಳಿ. ಉಳಿದದ್ದನ್ನು ಇಟ್ಟುಕೊಳ್ಳಬೇಡಿ, ಇನ್ನೊಬ್ಬರಿಗೆ ಕೊಡಬೇಡಿ. ನೆಗಡಿಗೆ ಅದು ಔಷಧಿಯಲ್ಲ.’ ಏಳು ವರ್ಷದಿಂದ ತಾವು ಮಾಡಿದ್ದನ್ನೆಲ್ಲ ಯಾರೋ ಪಕ್ಕದಲ್ಲೇ ನಿಂತು ನೋಡಿ ಪಟ್ಟಿ ಮಾಡಿದಂತಿತ್ತು. ಮಾಸ್ಟರು ಅದರ ಮೇಲೆ ಒಂದು ಹೊಲಿದ ಪ್ಯಾಂಟು ತೂಗುಹಾಕಿದರು.

ಸುದ್ದಿ ಸಂಜೆಯೊಳಗೆ ಬೀದಿ ಸುತ್ತಿತು. ಮಾಸ್ಟರ ಹೆಂಡತಿ ತನ್ನ ತವರಿನವರಿಗೆಲ್ಲ ಫೋನ್ ಮಾಡಿದಳು. “ನಮ್ಮೆಜಮಾನ್ರಿಗೆ ಪ್ರಶಸ್ತಿ. ಹೊಲಿಗೆಗಲ್ಲ, ಆರೋಗ್ಯಕ್ಕೆ!” ಆ ಕಡೆಯಿಂದ ಅವಳ ತಾಯಿ, “ಯಾಕೆ, ಏನಾಗಿತ್ತು ಅವರಿಗೆ?” ಎಂದು ಗಾಬರಿಯಾದರು.

ಪೋಸ್ಟ್‌ಮ್ಯಾನ್, ಬೇಕರಿಯವ, ಟೀಚರಮ್ಮ ಮೂವರೂ ಅಂಗಡಿಗೆ ಬಂದು ಬಾಗಿಲು ಮುಂದೆ ಮಾಡಿಕೊಂಡರು.

“ನಾವು ಬಾಯಿ ಬಿಡಲ್ಲ ಡಾಕ್ಟ್ರೇ” ಅಂದ ಪೋಸ್ಟ್‌ಮ್ಯಾನ್. “ನಮ್ಮ ಬೀದಿಗೆ ಬಂದ ಮರ್ಯಾದೆ ಇದು. ಪ್ರಾಣ ಹೋದ್ರೂ ನೀವು ನನಗೆ ಮಾತ್ರೆ ಕೊಟ್ಟಿಲ್ಲ.”

“ಕೊಟ್ಟೇ ಇಲ್ಲ” ಅಂದ ಬೇಕರಿಯವ. “ಆದ್ರೆ ಡಬ್ಬಿ ಆಸ್ಪತ್ರೆಯವರ ಕೈಗೆ ಹೋಗೋ ಮುಂಚೆ ಒಂದಿಪ್ಪತ್ತು ನೀಲಿ ಟೋಪಿ ನನಗೆ ಇಟ್ಟಿರಿ.”

ಟೀಚರಮ್ಮ ಭಾಷಣ ಬರೆದುಕೊಡುವುದಾಗಿ ಒಪ್ಪಿಕೊಂಡರು. ಮಾಸ್ಟರು ಇಪ್ಪತ್ತು ನೀಲಿ ಟೋಪಿ ಎಣಿಸಿ ಕೊಟ್ಟರು. ಪ್ಯಾಂಟಿನ ಹಿಂದೆ ಭಿತ್ತಿಪತ್ರ ಇತ್ತಾದರೂ ಅದಕ್ಕೆ ಕಾಣುವಂತಿರಲಿಲ್ಲ.

ಶನಿವಾರ ಅಕ್ಕನ ಪಾದ ಮೂರನೆಯ ಸಲ ಊದಿತು. ಬಿಳಿ ಉದ್ದ ಕೊಟ್ಟರು. ಈ ಸಲ ಅದು ಇಳಿಯಲಿಲ್ಲ. ಸೋಮವಾರ ಬೆಳಿಗ್ಗೆ ಅಕ್ಕನ ಮೈ ಇಸ್ತ್ರಿ ಪೆಟ್ಟಿಗೆಯ ಹಾಗೆ ಕಾಯುತ್ತಿತ್ತು, ಕಾಲು ಮೊಣಕಾಲಿನವರೆಗೆ ಕೆಂಪಾಗಿತ್ತು. ಮಾಸ್ಟರು ಡಬ್ಬಿಯ ಮೂವತ್ತಾರು ಮನೆಗಳನ್ನೂ ನೋಡಿದರು. ಮೊದಲ ಸಲ ಅವರಿಗೆ ಯಾವ ಬಣ್ಣವೂ ಹೊಂದಲಿಲ್ಲ. ಆಟೋ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದರು.

ವಾರ್ಡಿನಲ್ಲಿ ಡಾಕ್ಟರು ಗಾಯ ನೋಡುತ್ತಿದ್ದಾಗ ಎಲ್ಲಿಂದಲೋ ಮೇಡಂ ಓಡಿಬಂದರು. ಹಿಂದೆ ಇಬ್ಬರು ನರ್ಸ್‌ಗಳು, ಪಕ್ಕದ ಹಾಸಿಗೆಗಳ ಕಡೆಯವರು.

“ಡಾಕ್ಟ್ರೇ, ಇವರು ಯಾರು ಗೊತ್ತಾ? ಬುಧವಾರದ ಪ್ರಶಸ್ತಿ ಇವರಿಗೇ!”

ಡಾಕ್ಟರು ತಲೆಯೆತ್ತದೆ ನಕ್ಕರು. ಬೆಳಗಿನಿಂದ ನಲವತ್ತು ಜನರನ್ನು ನೋಡಿದ ನಗು ಅದು. “ಸಂತೋಷ. ಅಮ್ಮಾ, ಇಲ್ಲಿಗೆ ಬರೋ ಮುಂಚೆ ಏನಾದ್ರೂ ಆಂಟಿಬಯೋಟಿಕ್ ತಗೊಂಡಿದ್ರಾ? ಸರಿಯಾಗಿ ಹೇಳಿ, ಅದರ ಮೇಲೆ ನಾನು ಔಷಧಿ ತೀರ್ಮಾನ ಮಾಡ್ಬೇಕು.”

ಅಕ್ಕ ತಮ್ಮನ ಕಡೆ ನೋಡಿದಳು. “ಅವನಿಗೆ ಗೊತ್ತು ಸ್ವಾಮಿ, ಅವನನ್ನೇ ಕೇಳಿ.”

“ಇವರ ಮನೇಲಾ ಡಾಕ್ಟ್ರೇ! ಕೇಳೋದೇ ಬೇಡ” ಎಂದು ಮೇಡಂ ನಕ್ಕರು. ನರ್ಸ್‌ಗಳೂ ನಕ್ಕರು. ಪಕ್ಕದ ಹಾಸಿಗೆಯವರು ಮಾಸ್ಟರನ್ನು ಗೌರವದಿಂದ ನೋಡಿದರು. ಮಾಸ್ಟರು ತಮ್ಮ ಚಪ್ಪಲಿ ನೋಡಿಕೊಂಡರು.

“ಇಲ್ಲ” ಅಂದರು. “ಏನೂ ತಗೊಂಡಿಲ್ಲ.”

ಅಕ್ಕ ಕಣ್ಣು ಮುಚ್ಚಿಕೊಂಡಳು. ಡಾಕ್ಟರು ಅದನ್ನೇ ಚೀಟಿಯಲ್ಲಿ ಬರೆದುಕೊಂಡು ಸಾಮಾನ್ಯವಾಗಿ ಕೊಡುವ ಇಂಜೆಕ್ಷನ್ ಶುರುಮಾಡಿದರು, ಕೀವನ್ನು ಪರೀಕ್ಷೆಗೆ ಕಳಿಸಿದರು. ಆ ವರದಿ ಬರಲು ಮೂರು ದಿನ ಬೇಕಂತೆ.

ಮಂಗಳವಾರ ಜ್ವರ ಇಳಿಯಲಿಲ್ಲ. ಬುಧವಾರ ಬೆಳಿಗ್ಗೆ ಇನ್ನೂ ಏರಿತು. ಡಾಕ್ಟರು ಮಾಸ್ಟರನ್ನು ಬಾಗಿಲ ಹೊರಗೆ ಕರೆದರು.

“ಏನೂ ತಗೊಳ್ಳದೇ ಇರೋರಿಗೆ ಈ ಔಷಧಿ ಕೆಲಸ ಮಾಡ್ಬೇಕಿತ್ತು. ಯಾಕೆ ಮಾಡ್ತಿಲ್ಲ ಅಂತ ಅರ್ಥ ಆಗ್ತಿಲ್ಲ. ಇನ್ನೊಂದು ದಿನ ನೋಡೋಣ. ಹೀಗೇ ಏರಿದ್ರೆ ಕಾಲು ಉಳಿಸೋದು ಕಷ್ಟ ಆಗ್ಬಹುದು. ಮನಸ್ಸು ಗಟ್ಟಿ ಮಾಡ್ಕೊಳ್ಳಿ.”

ಹೇಳಬೇಕೆಂದು ಮಾಸ್ಟರು ಬಾಯಿ ತೆರೆದರು. ಅಷ್ಟರಲ್ಲಿ ಮೇಡಂ ಮೆಟ್ಟಿಲ ಹತ್ತಿರದಿಂದ ಕೂಗಿದರು. “ಮಾಸ್ಟ್ರೇ, ಹನ್ನೊಂದು ಗಂಟೆ! ಡಾಕ್ಟ್ರೇ, ನೀವೂ ಮುಂದಿನ ಸಾಲಿನಲ್ಲೇ ಕೂರ್ಬೇಕು, ನೆಪ ಹೇಳ್ಬೇಡಿ!”

ಸಭಾಂಗಣ ತುಂಬಿತ್ತು. ಬೀದಿಗೆ ಬೀದಿಯೇ ಬಂದಿತ್ತು. ಬೇಕರಿಯವ ಅಂಗಡಿ ಮುಚ್ಚಿ, ಮಾಸ್ಟರೇ ಹೊಲಿದ ಹೊಸ ಅಂಗಿ ತೊಟ್ಟು ಬಂದಿದ್ದ. ವೇದಿಕೆಯ ಮೇಜಿನ ನಟ್ಟನಡುವೆ ಗುಂಡಿ ಡಬ್ಬಿ. ಪಕ್ಕದಲ್ಲಿ ಚೌಕಟ್ಟು ಹಾಕಿದ ಪ್ರಶಸ್ತಿಪತ್ರ ಹಿಡಿದ ಮೇಡಂ. ಹೆಂಡತಿ ಮೊದಲ ಸಾಲಿನಲ್ಲಿ ಫೋನ್ ಎತ್ತಿ ಹಿಡಿದಿದ್ದಳು.

ಮಾಸ್ಟರು ಮೈಕಿನ ಮುಂದೆ ನಿಂತು ಟೀಚರಮ್ಮನ ಕಾಗದ ಬಿಡಿಸಿದರು. “ಮಾನ್ಯರೇ, ಬಾಲ್ಯದಿಂದಲೂ ನನಗೆ ಸಮಾಜದ ಆರೋಗ್ಯದ ಚಿಂತೆ…” ಅಷ್ಟು ಓದಿ ನಿಲ್ಲಿಸಿದರು. ಅವರ ಬಾಲ್ಯದಲ್ಲಿ ಇದ್ದದ್ದು ಒಂದು ಮಷಿನ್ನು, ಅದರಡಿಯಲ್ಲಿ ಮೇಲೆ-ಕೆಳಗೆ ಆಡುತ್ತಿದ್ದ ಅಕ್ಕನ ಒಂದು ಕಾಲು. ಕಾಗದ ಮಡಚಿದರು.

“ಇದೆಲ್ಲ ಸುಳ್ಳು” ಅಂದರು. “ನಾನು ಮಾತ್ರೆ ಕೂಡಿಟ್ಟಿದ್ದು ಯಾರೂ ನುಂಗಬಾರ್ದು ಅಂತ ಅಲ್ಲ. ಎಲ್ಲರಿಗೂ ನುಂಗಿಸೋಕೆ. ಏಳು ವರ್ಷದಿಂದ ಬೀದಿಗೆಲ್ಲ ಹಂಚಿದೀನಿ. ಹೆಸರು ಗೊತ್ತಿಲ್ಲದ ಮಾತ್ರೆ, ಎದೆ ಅಳತೆ ನೋಡಿ ಕೊಟ್ಟಿದೀನಿ.”

ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ.

ಮೇಡಂ ಮೈಕಿಗೆ ಬಾಗಿ, “ನೋಡಿ, ತಪ್ಪು ಮಾಡೋರ ಮಾತನ್ನ ತಮ್ಮ ಬಾಯಲ್ಲೇ ಹೇಳಿ ತೋರಿಸ್ತಿದಾರೆ. ಇಂಥ ಅಭಿನಯ ನಾನು ನೋಡೇ ಇಲ್ಲ!” ಅಂದರು. ಹಿಂದಿನ ಸಾಲಿನಿಂದ ಯಾರೋ ಸಿಳ್ಳೆ ಹಾಕಿದರು.

“ಅಭಿನಯ ಅಲ್ಲ ಮೇಡಂ! ಪೋಸ್ಟ್‌ಮ್ಯಾನಪ್ಪಾ, ಎದ್ದು ನಿಂತ್ಕೊಳ್ಳಪ್ಪ. ನಿನಗೆ ಎಷ್ಟು ಸಲ ಕೊಟ್ಟಿದೀನಿ, ಹೇಳು.”

ಪೋಸ್ಟ್‌ಮ್ಯಾನ್ ಕೊಟ್ಟ ಮಾತಿಗೆ ತಪ್ಪುವವನಲ್ಲ. “ಒಂದು ಸಲಾನೂ ಇಲ್ಲ!” ಎಂದು ಎದೆ ತಟ್ಟಿ ಕೂಗಿದ.

“ಬೇಕರಿ ಅಣ್ಣಾ, ನೀನಾದ್ರೂ ಹೇಳೋ. ಇಪ್ಪತ್ತು ನೀಲಿ ಟೋಪಿ ಮೊನ್ನೆ ತಾನೇ…”

“ನಾನು ಟೋಪಿ ಹಾಕೋದೇ ಇಲ್ಲ” ಅಂದ ಬೇಕರಿಯವ, ಸೂರು ನೋಡುತ್ತ. ಸಭೆ ಬಿದ್ದು ಬಿದ್ದು ನಕ್ಕಿತು. ಟೀಚರಮ್ಮ ಮಾತ್ರ, ತಾವು ಬರೆಯದ ಮಾತಿಗೆ ಇಷ್ಟೊಂದು ಚಪ್ಪಾಳೆ ಬಿದ್ದದ್ದು ಕಂಡು ಮುಖ ಬಿಗಿದುಕೊಂಡು ಕೂತಿದ್ದರು. ಜೀವಮಾನದಲ್ಲಿ ಸುಳ್ಳು ಹೇಳಿದಾಗಲೆಲ್ಲ ಮಾಸ್ಟರನ್ನು ಜನ ನಂಬಿದ್ದರು. ನಿಜ ಹೇಳಿದ ದಿನ ಕೈ ಮುಗಿದರೂ ನಂಬುವವರಿಲ್ಲ.

ಕೊನೆಗೆ ಅವರು ಮೈಕು ಬಿಟ್ಟು, ವೇದಿಕೆಯ ಅಂಚಿಗೆ ಬಂದು, ಮುಂದಿನ ಸಾಲಿನ ಒಬ್ಬರನ್ನೇ ನೋಡಿ ಹೇಳಿದರು. “ಡಾಕ್ಟ್ರೇ, ನಮ್ಮಕ್ಕನಿಗೂ ಕೊಟ್ಟಿದೀನಿ. ಮೂರು ಸಲ. ಸೋಮವಾರ ನಿಮಗೆ ಸುಳ್ಳು ಹೇಳಿದೆ.”

ಡಾಕ್ಟರು ಎದ್ದು ನಿಂತರು. ಸಭೆಯಲ್ಲಿ ನಗದೆ ಇದ್ದವರಲ್ಲಿ ಅವರೂ ಒಬ್ಬರು. ಮೆಟ್ಟಿಲು ಹತ್ತಿ ಬಂದು ಡಬ್ಬಿಯ ಮುಚ್ಚಳ ತೆಗೆದರು.

“ಇದರಲ್ಲಿ ಯಾವುದು?”

ಮಾಸ್ಟರು ಮೂರು ಮನೆ ತೋರಿಸಿದರು.

“ಹೆಸರು?”

“ಕೆಂಪು-ಹಳದಿ… ನೀಲಿ ಟೋಪಿ…”

“ಮಾತ್ರೆ ಹೆಸರು ಕೇಳಿದ್ದು.”

“ಗೊತ್ತಿಲ್ಲ.”

“ಎಷ್ಟೆಷ್ಟು ದಿನ ಕೊಟ್ರಿ?”

“ನೋವು ನಿಲ್ಲೋವರೆಗೆ.”

ಡಾಕ್ಟರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೂರು ಮನೆಯಿಂದ ಒಂದೊಂದು ಮಾತ್ರೆ ತೆಗೆದು ಕರವಸ್ತ್ರದಲ್ಲಿ ಸುತ್ತಿಕೊಂಡು, ಮೆಟ್ಟಿಲಿಳಿದು, ಸಭೆಯ ನಡುವಿನ ದಾರಿಯಲ್ಲಿ ಮೊದಲು ಬಿರಬಿರನೆ ನಡೆದು ಆಮೇಲೆ ಓಡಿದರು. ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು. ಆಗ ಸಭೆಗೆ ಇದು ಅಭಿನಯವಲ್ಲ ಎಂದು ಗೊತ್ತಾಯಿತು.

ಹೆಂಡತಿ ಫೋನ್ ಕೆಳಗಿಳಿಸಿದಳು. ಮೇಡಂ ಕೈಯಲ್ಲಿದ್ದ ಪ್ರಶಸ್ತಿಪತ್ರವನ್ನು ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಿಡಿದೇ ನಿಂತಿದ್ದು, ಕಡೆಗೆ ಮೇಜಿನ ಮೇಲೆ ಕವುಚಿ ಹಾಕಿದರು. “ಹದಿನಾಲ್ಕು ವರ್ಷ ಮಾಸ್ಟ್ರೇ” ಎಂದಷ್ಟೇ ಅಂದರು. ಮಾಸ್ಟರಿಗೆ ನಾಚಿಕೆಯಿಂದ ಮೈಯೆಲ್ಲ ಮುದುಡಿತು. ವೇದಿಕೆಯಿಂದ ಇಳಿಯುವ ಮೆಟ್ಟಿಲು ಮೂರೇ ಇದ್ದವು, ಅವರಿಗೆ ಮುಗಿಯಲೇ ಇಲ್ಲ.

“ನನಗೂ ಕೊಟ್ಟಿದ್ರು” ಎಂದು ಪೋಸ್ಟ್‌ಮ್ಯಾನ್ ಎದ್ದು ನಿಂತ, ಸಣ್ಣ ದನಿಯಲ್ಲಿ. “ಹನ್ನೊಂದು ಸಲ.” ಅವನ ಹಿಂದೆ ಬೇಕರಿಯವ. ಆಮೇಲೆ ಸಾಲುಸಾಲಾಗಿ ಬೀದಿಯವರೆಲ್ಲ ಎದ್ದರು. ಮೇಡಂ ಕುರ್ಚಿ ಎಳೆದುಕೊಂಡು ಕೂತು ರಿಜಿಸ್ಟರಿನ ಹೊಸ ಹಾಳೆ ತೆರೆದರು.

ಔಷಧಿ ಅಂದೇ ಬದಲಾಯಿತು. ಮರುದಿನ ಬಂದ ವರದಿ ನೋಡಿ ಡಾಕ್ಟರು ಮಾಸ್ಟರನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದರು. “ನೀವು ಮೂರು ಸಲ ಕೊಟ್ರಿ, ಎರಡು ಸಲ ಅರ್ಧಕ್ಕೇ ನಿಲ್ಲಿಸಿದ್ರಿ. ಮೆತ್ತಗಿನ ಕ್ರಿಮಿ ಸತ್ವು, ಗಟ್ಟಿ ಇರೋವು ಉಳ್ಕೊಂಡ್ವು. ಉಳ್ಕೊಂಡವೇ ಬೆಳೆದ್ವು. ಈಗ ಅವಕ್ಕೆ ಆ ಮೂರು ಔಷಧೀನೂ ತಾಗಲ್ಲ, ನಾನು ಕೊಟ್ಟಿದ್ದೂ ತಾಗ್ಲಿಲ್ಲ. ನಿಮ್ಮಕ್ಕನಿಗಷ್ಟೇ ಅಲ್ಲ, ಅವು ನಾಳೆ ಇನ್ಯಾರ ಮೈಗೆ ಹೋದ್ರೂ ಅಷ್ಟೇ.”

ಕೊನೆಗೆ ಗಂಟು ಹಾಕದೆ ಬಿಟ್ಟ ಹೊಲಿಗೆ ಎಲ್ಲಿಂದ ಬಿಚ್ಚಿಕೊಳ್ಳಲು ಶುರುವಾಗುತ್ತದೆ ಎಂಬುದು ಮೂವತ್ತು ವರ್ಷದ ದರ್ಜಿಗೆ ಗೊತ್ತಿರಬೇಕಿತ್ತು.

ಕಾಲು ಉಳಿಯಿತು. ಎರಡು ಬೆರಳು ಉಳಿಯಲಿಲ್ಲ.

ಎಂಟನೆಯ ದಿನ ಜ್ವರ ಪೂರ್ತಿ ಬಿಟ್ಟು ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಮಾಸ್ಟರು ಪಕ್ಕದ ಸ್ಟೂಲಿನಲ್ಲಿ ಕೂತು ಹಾಸಿಗೆಯ ಬಟ್ಟೆಯ ಅಂಚು ನೋಡುತ್ತಿದ್ದರು.

“ಅಕ್ಕಾ, ಅವತ್ತು ನಾನೇನೋ ನಾಚಿಕೆಗೆಟ್ಟವನು, ಸುಳ್ಳು ಹೇಳ್ದೆ. ನೀನಾದ್ರೂ ಹೇಳ್ಬಹುದಿತ್ತಲ್ಲ?”

“ಎಷ್ಟು ಜನ ಇದ್ರು ಕಣೋ ಅಲ್ಲಿ” ಅಂದಳು ಅಕ್ಕ. “ನೀನು ಇಲ್ಲ ಅಂದ್ಬಿಟ್ಟೆ. ನಾನು ಹೌದು ಅಂದಿದ್ರೆ ನಿನ್ನ ಮುಖ ಏನಾಗ್ತಿತ್ತು?”

ಅಷ್ಟರಲ್ಲಿ ನರ್ಸ್ ಬಂದು, ಊಟ ಆಯಿತೇ ಎಂದು ಕೇಳಿ, ಒಂದು ಬಟ್ಟಲಲ್ಲಿ ಮಾತ್ರೆ ಇಟ್ಟು, ಹದಿನಾಲ್ಕು ದಿನ ಒಂದೂ ತಪ್ಪಿಸುವ ಹಾಗಿಲ್ಲ ಎಂದು ಹೇಳಿ ಮುಂದಿನ ಹಾಸಿಗೆಗೆ ಹೋದಳು. ಅಕ್ಕ ಮಾತ್ರೆಯನ್ನು ಅಂಗೈಯಲ್ಲಿ ಹಾಕಿಕೊಂಡಳು. ನೀರಿನ ಲೋಟ ಎತ್ತಿದವಳು ಅಲ್ಲೇ ತಡೆದು, ತಮ್ಮನ ಕಡೆಗೆ ಅಂಗೈ ಚಾಚಿದಳು.

“ನೋಡೋ, ಇದನ್ನ ತಗೊಳ್ಳಬಹುದಾ?”